ತಂದೆಯಿಂದ ಬಂದದ್ದೋ, ತಾಯಿಯಿಂದ ಬಂದದ್ದೋ: ಹಿಟ್ಟುತಿಗಣೆ ಮತ್ತು ವರ್ಣತಂತುಗಳ ಮುದ್ರೆಯ ಚರಿತ್ರೆ

ಕಾಫಿ ಗಿಡದ ಗೆಣ್ಣುಗಳಲ್ಲಿ, ಕಿತ್ತಳೆಯ ತೊಟ್ಟಿನ ಸುತ್ತ, ದಾಸವಾಳದ ಚಿಗುರಿನಲ್ಲಿ ಬಿಳಿಯಾಗಿ ಮೆತ್ತಿಕೊಂಡಿರುವ ಹಿಟ್ಟುತಿಗಣೆಯನ್ನು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಯಾರೂ ಪರಿಚಯಿಸಬೇಕಾಗಿಲ್ಲ. ರಸ ಹೀರುತ್ತದೆ, ಸಿಹಿ ಅಂಟು ಸುರಿಸುತ್ತದೆ, ಆ ಅಂಟಿನ ಆಸೆಗೆ ಬಂದ ಇರುವೆಗಳ ಕಾವಲಿನಲ್ಲಿ ಸಂತಾನ ಬೆಳೆಸುತ್ತದೆ. ಕಾಣುವುದೆಲ್ಲ ಹೆಣ್ಣು; ಗಂಡಿಗೆ ರೆಕ್ಕೆಯುಂಟು, ಆದರೆ ಪ್ರೌಢ ಗಂಡಿಗೆ ತಿನ್ನಲು ಬಾಯಿಯೇ ಇಲ್ಲ. ಕೆಲವೇ ದಿನ ಬದುಕಿ ಸಾಯುತ್ತದೆ. ಕಾಫಿ ಮತ್ತು ನಿಂಬೆ ಜಾತಿಯ ಗಿಡಗಳನ್ನು ಕಾಡುವ ಪ್ಲಾನೊಕಾಕಸ್ ಸಿಟ್ರಿ ಎಂಬ ಇದೇ ಕೀಟ ಆನುವಂಶಿಕ ವಿಜ್ಞಾನದ ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಸಾಕಿದ ಜೀವಿಯೂ ಹೌದು. ಸಸ್ತನಿಗಳಲ್ಲಿ 1980ರ ದಶಕದಲ್ಲಿ ಸಿಕ್ಕಿತೆಂದು ಪಠ್ಯಪುಸ್ತಕಗಳು ಹೇಳುವ ಒಂದು ದೊಡ್ಡ ಸತ್ಯವನ್ನು ಈ ಹುಳು ಅದಕ್ಕೂ ಬಹಳ ಹಿಂದೆಯೇ ತೋರಿಸಿಕೊಟ್ಟಿತ್ತು.

ಸತ್ಯ ಇಷ್ಟು: ಒಂದು ವಂಶವಾಹಿ ಕೆಲಸ ಮಾಡುತ್ತದೆಯೋ ಸುಮ್ಮನಿರುತ್ತದೆಯೋ ಎನ್ನುವುದು ಕೆಲವೊಮ್ಮೆ ಅದರಲ್ಲಿ ಬರೆದಿರುವ ವಿಷಯದ ಮೇಲೆ ನಿಂತಿಲ್ಲ. ಅದು ಅಪ್ಪನಿಂದ ಬಂತೋ ಅಮ್ಮನಿಂದ ಬಂತೋ ಎಂಬುದರ ಮೇಲೆ ನಿಂತಿದೆ.

ಮೆಂಡೆಲ್ ಕಟ್ಟಿದ ನಿಯಮಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಬಟಾಣಿ ಗಿಡಗಳಲ್ಲಿ ಅವನು ಸಂಕರವನ್ನು ಎರಡೂ ದಿಕ್ಕಿನಲ್ಲಿ ಮಾಡಿ ನೋಡಿದ. ಒಂದು ಗುಣ ಪರಾಗದ ಕಡೆಯಿಂದ ಬಂದರೂ ಬೀಜದ ಕಡೆಯಿಂದ ಬಂದರೂ ಫಲಿತಾಂಶ ಒಂದೇ ಎಂದು 1866ರ ಪ್ರಬಂಧದಲ್ಲಿ ಸ್ಪಷ್ಟವಾಗಿ ದಾಖಲಿಸಿದ. ತಂದೆ ತಾಯಿಯರ ಪಾಲು ಸರಿಸಮ ಎಂಬ ಈ ಮಾತು ಮುಂದೆ ಇಡೀ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಆದರೆ ಕುದುರೆ ಕತ್ತೆ ಸಾಕುವವರು ಬೇರೆಯದನ್ನು ಕಂಡಿದ್ದರು. ಹೆಣ್ಣು ಕುದುರೆಗೂ ಗಂಡು ಕತ್ತೆಗೂ ಹುಟ್ಟುವ ಹೇಸರಗತ್ತೆ ಒಂದು ರೀತಿ. ಗಂಡು ಕುದುರೆಗೂ ಹೆಣ್ಣು ಕತ್ತೆಗೂ ಹುಟ್ಟುವ ಮರಿ ಮೈಕಟ್ಟಿನಲ್ಲಿ, ಕಿವಿಯಲ್ಲಿ ಇನ್ನೊಂದು ರೀತಿ. ತಾಯಿಯ ಗರ್ಭದ ಪ್ರಭಾವ ಎಂದು ಹೇಳಿ ಈ ವ್ಯತ್ಯಾಸವನ್ನು ಬದಿಗಿಡುವುದು ಸುಲಭವಿತ್ತು. ಬದಿಗಿಡಲಾಗದಂಥ ಸಾಕ್ಷ್ಯ ಬಂದದ್ದು ಕೀಟಗಳಿಂದ.

1921ರಲ್ಲಿ ಅಮೆರಿಕದ ಫ್ರಾಂಜ್ ಶ್ರೇಡರ್ ಹಿಟ್ಟುತಿಗಣೆಯ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವಿಚಿತ್ರವೊಂದು ಕಾಣಿಸಿತು. ಹೆಣ್ಣು ಗಂಡುಗಳ ವರ್ಣತಂತುಗಳ ಸಂಖ್ಯೆಯಲ್ಲಿ ಭೇದವೇ ಇಲ್ಲ. ಪ್ಲಾನೊಕಾಕಸ್ ಸಿಟ್ರಿಯಲ್ಲಾದರೆ ಇಬ್ಬರಿಗೂ ಹತ್ತು. ಲಿಂಗ ನಿರ್ಧರಿಸುವ ಎಕ್ಸ್ ಇಲ್ಲ, ವೈ ಇಲ್ಲ. ಆದರೆ ಗಂಡಿನ ಕೋಶಗಳಲ್ಲಿ ಅರ್ಧದಷ್ಟು ವರ್ಣತಂತುಗಳು ಬಿಗಿಯಾಗಿ ಮುದುಡಿ, ಬಣ್ಣ ಹೀರಿ ಕಪ್ಪು ಮುದ್ದೆಯಾಗಿ ಕೂತಿರುತ್ತವೆ. ಹೆಣ್ಣಿನಲ್ಲಿ ಆ ಮುದ್ದೆಯಿಲ್ಲ. ಶ್ರೇಡರ್ ಮತ್ತು ಅವರ ಪತ್ನಿ ಸ್ಯಾಲಿ ಹ್ಯೂಸ್ ಶ್ರೇಡರ್ ಈ ಕೀಟವರ್ಗದ ವರ್ಣತಂತುಗಳ ವೈವಿಧ್ಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. 1948ರಲ್ಲಿ ಸ್ಯಾಲಿ ಬರೆದ ಸಮೀಕ್ಷಾ ಲೇಖನ ಈ ಕ್ಷೇತ್ರಕ್ಕೆ ಬುನಾದಿಯಾಯಿತು. ಮುದುಡಿದ ಆ ಅರ್ಧ ಯಾರದು ಎಂಬ ಪ್ರಶ್ನೆಗೆ ಮಾತ್ರ ಪ್ರಯೋಗದ ಉತ್ತರ ಬೇಕಿತ್ತು.

ಉತ್ತರ ಕೊಟ್ಟವರು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಪೆನ್ಸರ್ ಬ್ರೌನ್ ಮತ್ತು ವಾಲ್ಟರ್ ನೆಲ್ಸನ್ ರೀಸ್. 1961ರಲ್ಲಿ ಪ್ರಕಟವಾದ ಅವರ ಪ್ರಯೋಗದ ಯುಕ್ತಿ ಇಂದಿಗೂ ಮೆಚ್ಚುಗೆ ಹುಟ್ಟಿಸುತ್ತದೆ. ಎಕ್ಸ್ ಕಿರಣ ಹಾಯಿಸಿ ವರ್ಣತಂತುಗಳನ್ನು ಮುರಿದರೆ ಆ ಮುರಿತ ಮುಂದಿನ ಪೀಳಿಗೆಗೆ ಹೋಗಿ ಭ್ರೂಣವನ್ನು ಕೊಲ್ಲುತ್ತದೆ. ಅವರು ಗಂಡು ತಿಗಣೆಗಳಿಗೆ ಕಿರಣ ಹಾಯಿಸಿ, ಆಮೇಲೆ ಆರೋಗ್ಯವಂತ ಹೆಣ್ಣುಗಳೊಂದಿಗೆ ಕೂಡಿಸಿದರು. ಕಿರಣದ ಪ್ರಮಾಣ ಏರಿದಂತೆ ಹೆಣ್ಣು ಮರಿಗಳು ಸತ್ತವು, ಗಂಡು ಮರಿಗಳು ಉಳಿದವು. ಉಳಿದ ಗಂಡುಗಳ ಕೋಶಗಳಲ್ಲಿ ಮುರಿದ ತುಣುಕುಗಳು ಕಂಡದ್ದು ಕಪ್ಪು ಮುದ್ದೆಯೊಳಗೆ. ತಾಯಂದಿರಿಗೆ ಕಿರಣ ಹಾಯಿಸಿದಾಗಲಾದರೋ ಹೆಣ್ಣು ಗಂಡು ಎನ್ನದೆ ಮರಿಗಳು ಸತ್ತವು. ಅಂದರೆ ಮಗನಲ್ಲಿ ಮುದುಡಿ ಮೂಕವಾಗುವುದು ತಂದೆಯ ಪಾಲು. ಅದು ಮುರಿದರೂ ಮಗ ಬದುಕುತ್ತಾನೆ, ಏಕೆಂದರೆ ಅವನ ದೇಹ ಹೆಚ್ಚುಕಡಿಮೆ ತಾಯಿಯ ವರ್ಣತಂತುಗಳ ಆಧಾರದಲ್ಲೇ ನಡೆಯುತ್ತಿರುತ್ತದೆ.

ಇದಕ್ಕಿಂತ ಸೋಜಿಗದ್ದು ಮುಂದಿದೆ. ಈ ಮಗ ವೀರ್ಯಾಣು ತಯಾರಿಸುವಾಗ ಅಪ್ಪನ ಪಾಲನ್ನು ಪೂರ್ತಿ ಬಿಟ್ಟುಬಿಡುತ್ತಾನೆ; ವೀರ್ಯಾಣುವಿಗೆ ಹೋಗುವುದು ಅಮ್ಮನಿಂದ ಬಂದ ಐದು ವರ್ಣತಂತುಗಳು ಮಾತ್ರ. ಅವನ ದೇಹದಲ್ಲಿ ಜೀವನವಿಡೀ ದುಡಿದ ಇದೇ ಐದು ಅವನ ಗಂಡು ಮರಿಯನ್ನು ಸೇರಿದೊಡನೆ 'ತಂದೆಯ ಪಾಲು' ಎನಿಸಿಕೊಂಡು ಮುದುಡಿ ಕೂರುತ್ತವೆ. ವಂಶವಾಹಿಗಳಲ್ಲಿನ ಅಕ್ಷರ ಬದಲಾಗಿಲ್ಲ. ಬದಲಾದದ್ದು ಅವು ಹಾದು ಬಂದ ದೇಹ. ಮುದ್ರೆ ಬೀಳುತ್ತದೆ, ಒಂದು ಪೀಳಿಗೆ ಉಳಿಯುತ್ತದೆ, ಮುಂದಿನ ಪೀಳಿಗೆಗೆ ಅಳಿಸಿಹೋಗಿ ಹೊಸದು ಬೀಳುತ್ತದೆ. ಇಂದು ಜೀನೋಮಿಕ್ ಇಂಪ್ರಿಂಟಿಂಗ್ ಎಂದು ಕರೆಯುವ ವಿದ್ಯಮಾನದ ಎಲ್ಲ ಲಕ್ಷಣಗಳೂ 1961ರ ಈ ಕೀಟದ ಕಥೆಯಲ್ಲಿ ಇದ್ದವು.

ಹೆಸರು ಕೂಡ ಕೀಟವಿಜ್ಞಾನದಿಂದಲೇ ಬಂತು. ಕೊಳೆತ ಎಲೆ, ಶಿಲೀಂಧ್ರಗಳ ಮೇಲೆ ಬದುಕುವ ಸಿಯಾರಾ ಎಂಬ ಸಣ್ಣ ಕಪ್ಪು ನೊಣದಲ್ಲಿ ಭ್ರೂಣ ಮೂರು ಎಕ್ಸ್ ವರ್ಣತಂತುಗಳೊಂದಿಗೆ ಶುರುವಾಗುತ್ತದೆ: ಒಂದು ತಾಯಿಯದು, ಎರಡು ತಂದೆಯವು. ಹೆಣ್ಣಿನ ದೇಹಕೋಶಗಳು ತಂದೆಯ ಒಂದು ಎಕ್ಸನ್ನು ಹೊರಹಾಕುತ್ತವೆ, ಗಂಡಿನವು ಎರಡನ್ನೂ. ತಾಯಿಯದನ್ನು ಎಂದೂ ಮುಟ್ಟುವುದಿಲ್ಲ. ಈ ನೊಣದ ಮೇಲೆ ಕೆಲಸ ಮಾಡುತ್ತಿದ್ದ ಹೆಲೆನ್ ಕ್ರೌಸ್ 1960ರಲ್ಲಿ ವರ್ಣತಂತುವಿಗೆ 'ಇಂಪ್ರಿಂಟ್' ಬೀಳುತ್ತದೆ ಎಂದು ಬರೆದರು. ಅದು ವರ್ಣತಂತುವಿನ ಸ್ವಂತ ವಂಶವಾಹಿಗಳಿಂದ ಬರುವುದಿಲ್ಲ, ಅದು ಹೆಣ್ಣಿನ ಮೂಲಕ ಹಾದುಬಂತೋ ಗಂಡಿನ ಮೂಲಕ ಹಾದುಬಂತೋ ಎಂಬುದರಿಂದ ಬರುತ್ತದೆ ಎಂಬುದು ಅವರ ವಾದ. ಇಷ್ಟು ಖಚಿತವಾಗಿ ಈ ಮಾತನ್ನು ಅದಕ್ಕೆ ಮೊದಲು ಯಾರೂ ಹೇಳಿರಲಿಲ್ಲ.

ಅದೇ ಹೊತ್ತಿಗೆ ಸಸ್ತನಿಗಳ ಕಡೆ ಇನ್ನೊಂದು ಕಥೆ ನಡೆಯುತ್ತಿತ್ತು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು. ಹಾಗಾದರೆ ಎಕ್ಸ್‌ನಲ್ಲಿರುವ ವಂಶವಾಹಿಗಳ ಉತ್ಪನ್ನ ಹೆಣ್ಣಿನಲ್ಲಿ ಇಮ್ಮಡಿಯಾಗಬೇಕಲ್ಲ? ಹಣ್ಣುನೊಣದಲ್ಲಿ ಹಾಗಾಗುವುದಿಲ್ಲ ಎಂಬುದನ್ನು ಹರ್ಮನ್ ಮುಲ್ಲರ್ 1930ರ ದಶಕದಲ್ಲೇ ಗುರುತಿಸಿದ್ದರು. ಮುಂದೆ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿದ ಎ.ಎಸ್. ಮುಖರ್ಜಿ 1965ರಲ್ಲಿ ಜರ್ಮನಿಯ ವುಲ್ಫ್‌ಗಾಂಗ್ ಬೀರ್ಮನ್ ಜೊತೆ ಸೇರಿ, ಗಂಡು ನೊಣದ ಒಂಟಿ ಎಕ್ಸ್ ಇಮ್ಮಡಿ ವೇಗದಲ್ಲಿ ಆರ್‌ಎನ್‌ಎ ತಯಾರಿಸುತ್ತದೆ ಎಂದು ತೋರಿಸಿದರು. ಸಸ್ತನಿಗಳದು ಇದಕ್ಕೆ ವಿರುದ್ಧ ದಾರಿ. 1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಇವರ್ಟ್ ಬರ್ಟ್ರಮ್ ಹೆಣ್ಣು ಬೆಕ್ಕಿನ ನರಕೋಶಗಳಲ್ಲಿ ಕಪ್ಪು ಚುಕ್ಕೆಯೊಂದನ್ನು ಕಂಡರು. ಅದು ಮುದುಡಿದ ಒಂದು ಎಕ್ಸ್ ಎಂದು ಸುಸುಮು ಓನೋ 1959ರಲ್ಲಿ ಗುರುತಿಸಿದರು. 1961ರಲ್ಲಿ ಇಂಗ್ಲೆಂಡಿನ ಹಾರ್‌ವೆಲ್‌ನ ಮೇರಿ ಲಯಾನ್, ಹೆಣ್ಣು ಭ್ರೂಣದ ಪ್ರತಿ ಕೋಶದಲ್ಲೂ ಒಂದು ಎಕ್ಸ್ ಮೂಕವಾಗುತ್ತದೆ, ಯಾವುದು ಎಂಬುದು ಆಕಸ್ಮಿಕ ಎಂದರು. ಕಪ್ಪು, ಕಿತ್ತಳೆ ತೇಪೆಗಳ ಬೆಕ್ಕುಗಳು ಬಹುಪಾಲು ಹೆಣ್ಣೇ ಆಗಿರುವುದು ಇದೇ ಕಾರಣಕ್ಕೆ.

ಎರಡು ಕಥೆಗಳಲ್ಲೂ ಕಪ್ಪಾಗಿ ಮುದುಡುವ ವರ್ಣತಂತುಗಳಿವೆ. ಇವನ್ನು ಹೆಣೆದು ನೋಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಶರತ್ ಚಂದ್ರ. ಬರ್ಕ್‌ಲಿಯಲ್ಲಿ ಬ್ರೌನ್ ಅವರ ಬಳಿ ಹಿಟ್ಟುತಿಗಣೆಯ ಮೇಲೆಯೇ ಸಂಶೋಧನೆ ಮಾಡಿದ್ದ ಅವರು ಈ ಕೀಟದ ಕೋಶವಿಭಜನೆಯ ತಲೆಕೆಳಗಾದ ಕ್ರಮದ ಬಗ್ಗೆ 1962ರಲ್ಲಿ ಬರೆದಿದ್ದರು. 1971ರಲ್ಲಿ ಆಸ್ಟ್ರೇಲಿಯಾದಿಂದ ಸುದ್ದಿ ಬಂತು: ಕಾಂಗರೂಗಳಲ್ಲಿ ಮೂಕವಾಗುವ ಎಕ್ಸ್ ಆಕಸ್ಮಿಕವಲ್ಲ, ಅದು ಸದಾ ತಂದೆಯದು. ಹಿಟ್ಟುತಿಗಣೆಯನ್ನು ಬಲ್ಲವರಿಗೆ ಇದು ತೀರ ಪರಿಚಿತ ಸಂಗತಿ. ಬ್ರೌನ್ ಮತ್ತು ಚಂದ್ರ 1973ರಲ್ಲಿ ಸಸ್ತನಿಗಳ ಎಕ್ಸ್ ಮೂಕವಾಗುವ ವ್ಯವಸ್ಥೆಗೆ ಒಂದು ಮಾದರಿಯನ್ನು ಮುಂದಿಟ್ಟರು. 1975ರಲ್ಲಿ 'ನೇಚರ್' ಪತ್ರಿಕೆಯ ಲೇಖನದಲ್ಲಿ ಸಸ್ತನಿಗಳ ಎಕ್ಸ್ ವರ್ಣತಂತುವನ್ನು ಇಂಪ್ರಿಂಟಿಂಗ್ ಎಂಬ ಪರಿಕಲ್ಪನೆಯ ಬೆಳಕಿನಲ್ಲೇ ಚರ್ಚಿಸಿದರು. ಅದೇ ವರ್ಷ ಜಪಾನಿನ ನೊಬುವೊ ತಕಾಗಿ ಮತ್ತು ಮೊತೊಮಿಚಿ ಸಸಾಕಿ, ಇಲಿಮರಿಯ ಭ್ರೂಣವನ್ನು ಸುತ್ತುವ ಪೊರೆಗಳಲ್ಲಿ ಮೂಕವಾಗುವುದು ಬಹುತೇಕ ತಂದೆಯ ಎಕ್ಸ್ ಎಂದು ವರದಿ ಮಾಡಿದರು. ಬ್ರೌನ್, ಚಂದ್ರರ ಮಾದರಿಯ ವಿವರಗಳೆಲ್ಲ ಹಾಗೆಯೇ ಉಳಿಯಲಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಅವರು ಕೇಳಿದ್ದರು, ಸರಿಯಾದ ಜೀವಿಗಳನ್ನು ಅಕ್ಕಪಕ್ಕ ಇಟ್ಟು ಕೇಳಿದ್ದರು. ಈ ಶ್ರೇಯಸ್ಸು ಅವರಿಗೆ ಸಲ್ಲಬೇಕಾದಷ್ಟು ಸಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಸಸ್ಯಗಳ ಸಾಕ್ಷ್ಯವೂ ಆಗಲೇ ಇತ್ತು. 1970ರಲ್ಲಿ ವಿಸ್ಕಾನ್ಸಿನ್‌ನ ಜೆರ್ರಿ ಕರ್ಮಿಕಲ್ ಮೆಕ್ಕೆಜೋಳದ ಬಣ್ಣ ನಿರ್ಧರಿಸುವ 'ಆರ್' ವಂಶವಾಹಿಯನ್ನು ಪರೀಕ್ಷಿಸಿದರು. ಅದು ತಾಯಿಯಿಂದ ಬಂದರೆ ಕಾಳು ಪೂರ್ತಿ ಗಾಢಬಣ್ಣ, ತಂದೆಯಿಂದ ಬಂದರೆ ಚುಕ್ಕೆ ಚುಕ್ಕೆ.

ಹಾಗಿದ್ದರೂ ವಿಜ್ಞಾನಲೋಕ ಎಚ್ಚೆತ್ತದ್ದು 1984ರಲ್ಲಿ, ಇಲಿಯ ದೆಸೆಯಿಂದ. ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಮತ್ತು ಸಂಗಡಿಗರು, ಫಿಲಡೆಲ್ಫಿಯಾದಲ್ಲಿ ಜೇಮ್ಸ್ ಮೆಗ್ರಾತ್ ಮತ್ತು ದಾವೊರ್ ಸೋಲ್ಟರ್, ಬೇರೆಬೇರೆಯಾಗಿ ಒಂದೇ ಬಗೆಯ ಪ್ರಯೋಗ ಮಾಡಿದರು. ಆಗಷ್ಟೇ ಫಲಿತಗೊಂಡ ಮೊಟ್ಟೆಯಲ್ಲಿ ತಂದೆಯ ಕೋಶಕೇಂದ್ರ, ತಾಯಿಯ ಕೋಶಕೇಂದ್ರ ಇನ್ನೂ ಬೇರೆಯಾಗಿರುತ್ತವೆ. ಒಂದನ್ನು ತೆಗೆದು ಎರಡೂ ತಾಯಿಯವೇ ಆಗುವಂತೆ ಮಾಡಿದರು. ಇನ್ನು ಕೆಲವದರಲ್ಲಿ ಎರಡೂ ತಂದೆಯವೇ ಆಗುವಂತೆ. ವರ್ಣತಂತುಗಳ ಲೆಕ್ಕ ಸರಿಯಿತ್ತು, ಮರಿ ಮಾತ್ರ ಹುಟ್ಟಲಿಲ್ಲ. ಎರಡು ತಾಯಿಯ ಭ್ರೂಣದಲ್ಲಿ ಪಿಂಡ ಸ್ವಲ್ಪ ಬೆಳೆಯಿತು, ಮಾಸು ಬೆಳೆಯಲಿಲ್ಲ. ಎರಡು ತಂದೆಯದರಲ್ಲಿ ಮಾಸಿನ ಅಂಗಾಂಶ ಬೆಳೆಯಿತು, ಪಿಂಡ ಸೊರಗಿತು. ಸಸ್ತನಿಗೆ ಅಪ್ಪನೂ ಬೇಕು, ಅಮ್ಮನೂ ಬೇಕು, ಅದೂ ವಂಶವಾಹಿಗಳ ಮಟ್ಟದಲ್ಲೇ.

ಆಮೇಲೆ ವಂಶವಾಹಿಗಳು ಒಂದೊಂದಾಗಿ ಸಿಕ್ಕವು. 1991ರಲ್ಲೇ ಮೂರು. ಅವುಗಳಲ್ಲಿ ಭ್ರೂಣದ ಬೆಳವಣಿಗೆಗೆ ಬೇಕಾದ ಐಜಿಎಫ್2 ಕೆಡಿಸಿದ ಪ್ರಯೋಗ ಪ್ರಸಿದ್ಧ: ಕೆಟ್ಟ ಪ್ರತಿ ತಂದೆಯಿಂದ ಬಂದರೆ ಇಲಿಮರಿ ಸಾಮಾನ್ಯ ಗಾತ್ರದ ಸುಮಾರು 60 ಪ್ರತಿಶತ ಮಾತ್ರ, ಅದೇ ಪ್ರತಿ ತಾಯಿಯಿಂದ ಬಂದರೆ ಮರಿಗೆ ಏನೂ ಆಗುವುದಿಲ್ಲ. ಮನುಷ್ಯರಲ್ಲೂ ಹೀಗೆ ಮುದ್ರೆ ಬೀಳುವ ವಂಶವಾಹಿಗಳು ನೂರರ ಆಸುಪಾಸಿನಲ್ಲಿವೆ. ಅದರ ಪರಿಣಾಮ ವೈದ್ಯರ ಮುಂದೆ ಮಕ್ಕಳ ರೂಪದಲ್ಲಿ ಬರುತ್ತದೆ. ಹದಿನೈದನೇ ವರ್ಣತಂತುವಿನ ಒಂದೇ ಭಾಗ ತಂದೆಯ ಪ್ರತಿಯಲ್ಲಿ ಕಾಣೆಯಾದರೆ ಪ್ರೇಡರ್-ವಿಲ್ಲಿ ಲಕ್ಷಣಕೂಟ: ಹುಟ್ಟಿದಾಗ ಮೈಯೆಲ್ಲ ಜೋಲು, ಹಾಲು ಚೀಪಲೂ ಶಕ್ತಿಯಿಲ್ಲ, ಕೆಲವು ವರ್ಷಗಳಲ್ಲಿ ತಣಿಯದ ಹಸಿವು. ಅದೇ ಭಾಗ ತಾಯಿಯ ಪ್ರತಿಯಲ್ಲಿ ಕಾಣೆಯಾದರೆ ಏಂಜಲ್‌ಮನ್ ಲಕ್ಷಣಕೂಟ: ಮಾತು ಬಾರದು, ಮೂರ್ಛೆ ಕಾಡುತ್ತದೆ, ನಡಿಗೆ ತಡವರಿಸುತ್ತದೆ, ಮಗು ಕಾರಣವಿಲ್ಲದೆ ನಗುತ್ತದೆ. ಮೊದಲನೆಯದನ್ನು 1956ರಲ್ಲಿ, ಎರಡನೆಯದನ್ನು 1965ರಲ್ಲಿ ವೈದ್ಯರು ವರ್ಣಿಸಿದ್ದರು. ಎರಡರ ಬೇರೂ ಒಂದೇ ಜಾಗದಲ್ಲಿದೆ, ಯಾರಿಂದ ಬಂತು ಎಂಬುದಷ್ಟೇ ಭೇದ ಎಂದು ತಿಳಿದದ್ದು 1989ರ ಸುಮಾರಿಗೆ. ಈ ನಡುವಿನ ಬಹುಪಾಲು ಕಾಲ ಆ ಮಕ್ಕಳ ತಂದೆತಾಯಿಯರಿಗೆ ಕಾರಣ ಹೇಳಬಲ್ಲವರು ಯಾರೂ ಇರಲಿಲ್ಲ.

ಮುದ್ರೆ ಎಂದರೆ ಏನು? ಸಸ್ತನಿಗಳಲ್ಲಿ ಬಹುಮಟ್ಟಿಗೆ ಅದು ಡಿಎನ್‌ಎಗೆ ಅಂಟುವ ಮೀಥೈಲ್ ಗುಂಪು. ಹಿಟ್ಟುತಿಗಣೆಯಲ್ಲಿ ಎದ್ದು ಕಾಣುವುದು ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳ ಮೇಲಿನ ರಾಸಾಯನಿಕ ಗುರುತುಗಳು. ಬೆಂಗಳೂರಿನಲ್ಲೂ ಆಮೇಲೆ ದೆಹಲಿಯಲ್ಲೂ ವಾಣಿ ಬ್ರಹ್ಮಚಾರಿ ಮತ್ತು ಸಂಗಡಿಗರು, ಇಟಲಿಯಲ್ಲಿ ಇನ್ನೊಂದು ಗುಂಪು ಈ ಕೀಟದ ಮುದ್ರೆಯನ್ನು ಅಣುಮಟ್ಟದಲ್ಲಿ ಹುಡುಕಿದವು. ಹುಳುವಿಗೂ ಸಸ್ತನಿಗೂ ಉಪಕರಣ ಬೇರೆ, ಹಾಗಾಗಿ ಹೋಲಿಕೆ ಮೇಲುಮೇಲಿನದು ಎಂದು ಬಹಳ ಕಾಲ ವಾದಿಸಬಹುದಿತ್ತು. 2017ರಲ್ಲಿ ಅಜುಸಾ ಇನೊಯೆ, ಯಿ ಜಾಂಗ್ ಮತ್ತು ಸಂಗಡಿಗರು ಆ ವಾದದ ಬಲ ಕುಗ್ಗಿಸಿದರು. ಇಲಿಯ ಅಂಡಾಣುವಿನಲ್ಲಿ ಹಿಸ್ಟೋನ್‌ಗಳ ಮೇಲೆ ಬೀಳುವ ಗುರುತೊಂದು ಕೂಡ ಮುದ್ರೆಯಾಗಿ ಕೆಲಸ ಮಾಡುತ್ತದೆ, ತಾಯಿಯ ಎಕ್ಸ್ ಮೂಕವಾಗದಂತೆ ಮೊದಲ ದಿನಗಳಲ್ಲಿ ಕಾಯುವುದು ಅದೇ ಎಂದು ಅವರು ತೋರಿಸಿದರು.

ನಮ್ಮ ಕಾಲೇಜುಗಳಲ್ಲಿ ಇಂಪ್ರಿಂಟಿಂಗ್ ಪಾಠವನ್ನು 1984ರ ಇಲಿಯಿಂದ ಶುರುಮಾಡುವ ಅಧ್ಯಾಪಕರು ಅದನ್ನು ಹಿಟ್ಟುತಿಗಣೆಯಿಂದ ಶುರುಮಾಡಿ ನೋಡಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ. ಹೊಟ್ಟೆ ತುಂಬಿದ ಹೆಣ್ಣು ತಿಗಣೆಯೊಂದನ್ನು ತಂದು, ಒಳಗಿನ ಭ್ರೂಣಗಳನ್ನು ಬಿಡಿಸಿ, ವರ್ಣತಂತುಗಳಿಗೆ ಹಾಕುವ ಮಾಮೂಲಿ ಬಣ್ಣ ಹಾಕಿ ಒತ್ತಿದರೆ, ಪದವಿ ತರಗತಿಯ ಸೂಕ್ಷ್ಮದರ್ಶಕದಲ್ಲೇ ಗಂಡು ಭ್ರೂಣದ ಬಹುತೇಕ ಕೋಶಗಳಲ್ಲಿ ತಂದೆಯ ಪಾಲು ಕಪ್ಪಾಗಿ ಕಾಣುತ್ತದೆ.