ಸೋವಿಯ ಪೇಟೆಯೂ ಊರಿನ ಋಣವೂ

ಹುಬ್ಬಳ್ಳಿಯ ಹೊಸೂರಿನಿಂದ ಪಶ್ಚಿಮಕ್ಕೆ ಗೋಕುಲ ಗ್ರಾಮದತ್ತ ಹೊರಟ ದಾರಿಯೇ ಗೋಕುಲ ರಸ್ತೆ. ನನ್ನ ಬಾಲ್ಯದಲ್ಲಿ ಈ ದಾರಿಯ ಬದಿಗೆ ಜೋಳದ, ಹತ್ತಿಯ ಎರೆಹೊಲಗಳು ಇನ್ನೂ ಅಲ್ಲಲ್ಲಿ ಉಳಿದಿದ್ದವು. ಈಗ ಅಲ್ಲಿ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿಯಿದೆ, ಬಸ್ ನಿಲ್ದಾಣವಿದೆ, ಕೈಗಾರಿಕಾ ವಸಾಹತು ಇದೆ, ಮುಂದೆ ವಿಮಾನ ನಿಲ್ದಾಣವೂ ಇದೆ. ಇವುಗಳ ನಡುವೆ ಬೆಳಕಿನ ಮಹಲುಗಳಂತೆ ದೊಡ್ಡ ಅಂಗಡಿಗಳು ಎದ್ದು ನಿಂತಿವೆ. ಉಪ್ಪಿನಿಂದ ಉಣ್ಣೆಯ ಕಂಬಳಿಯವರೆಗೆ ಎಲ್ಲವೂ ಒಂದೇ ಸೂರಿನಡಿ. ಪೊಟ್ಟಣದ ಮೇಲೆ ಅಚ್ಚಾದ ಬೆಲೆಗಿಂತಲೂ ಕಡಿಮೆಗೆ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಸೋವಿಯಾಗಿ, ಅಲ್ಲಿ ಸರಕು ಸಿಗುತ್ತದೆ. ಆದಿತ್ಯವಾರ ಸಂಜೆ ಅಲ್ಲಿ ಜಾತ್ರೆಯೇ ಸೇರುತ್ತದೆ.

ಇಂಥ ದೊಡ್ಡ ವ್ಯಾಪಾರ ನಮ್ಮ ನಾಡಿಗೆ ಹೊಸದೆಂದು ನೀವು ಭಾವಿಸಿದ್ದರೆ ಅದು ಸರಿಯಲ್ಲ. ಸಾವಿರ ವರುಷಗಳ ಹಿಂದೆಯೇ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಮಹಾಸಂಘ ಇಲ್ಲಿತ್ತು. ಅಯ್ಯಾವೊಳೆಯೆಂದರೆ ಇಂದಿನ ಐಹೊಳೆ. ಆನೆ, ಕುದುರೆ, ರತ್ನ, ಕರ್ಪೂರ, ಬಟ್ಟೆ ಮುಂತಾದ ಸರಕುಗಳನ್ನು ಹೇರಿಕೊಂಡು ಇವರು ನೆಲದಲ್ಲೂ ಜಲದಲ್ಲೂ ಸಂಚರಿಸಿದರು. ದೂರದ ಸುಮಾತ್ರಾ ದ್ವೀಪದಲ್ಲಿಯೂ ಇವರ ಹೆಸರಿನ 1088ರ ತಮಿಳು ಶಾಸನವೊಂದು ದೊರೆತಿದೆ. ಆದರೆ ಈ ವರ್ತಕರಿಗೆ ಬಣಂಜುಧರ್ಮವೆಂಬ ಕಟ್ಟಳೆಯಿತ್ತು. ವ್ಯಾಪಾರ ಮಾಡಿದ ಊರಿಗೆ ಹೇರಿಗಿಷ್ಟು, ಹೊರೆಗಿಷ್ಟು ಎಂದು ಸಲ್ಲಿಸುವುದು ಅದರ ಒಂದು ಅಂಗ. 1204ರ ಬೆಳಗಾವಿಯ ಶಾಸನವನ್ನು ನೋಡಿರಿ. ಅಂದಿನ ವೇಣುಗ್ರಾಮದ ವರ್ತಕರು ತಂತಮ್ಮ ಸರಕಿನ ಮೇಲೆ ಇಷ್ಟಿಷ್ಟೆಂದು ಅಲ್ಲಿಯ ಬಸದಿಗೆ ಬಿಟ್ಟುಕೊಟ್ಟರು. ಲಾಟದೇಶದಿಂದ, ಮಲೆಯಾಳದಿಂದ ಬಂದ ಪರಸ್ಥಳದ ವರ್ತಕರೂ ಅವರ ಜೊತೆಗಿದ್ದರು. ಹೊರಗಿನವನಾದರೂ ಸರಿ, ಪೇಟೆಯಲ್ಲಿ ಗಳಿಸಿದವನು ಪೇಟೆಯ ಋಣ ಹೊರಬೇಕು, ಇದು ಆ ಕಾಲದ ನೀತಿ.

ಹುಬ್ಬಳ್ಳಿ ಬೆಳೆದದ್ದೂ ವರ್ತಕರಿಂದಲೇ. ಹದಿನೇಳನೆಯ ಶತಮಾನದಲ್ಲಿ ಇಲ್ಲಿಯ ಬಟ್ಟೆಗಾಗಿ ಇಂಗ್ಲಿಷ್ ಕಂಪನಿ ಕೋಠಿ ಇಟ್ಟಿತ್ತು. 1673ರಲ್ಲಿ ಮರಾಠಾ ಸೇನೆ ಊರನ್ನು ಸೂರೆಮಾಡಿದಾಗ ಆ ಕೋಠಿಯೂ ಲೂಟಿಯಾಯಿತು. ಮುಂದೆ ಸವಣೂರು ನವಾಬರ ಕಾಲದಲ್ಲಿ ಬಸಪ್ಪ ಶೆಟ್ಟರೆಂಬ ವರ್ತಕರು ದುರ್ಗದಬೈಲಿನ ಸುತ್ತ ಹೊಸ ಪೇಟೆಯನ್ನು ಕಟ್ಟಿದರು. 1880ರ ದಶಕದಲ್ಲಿ ರೈಲು ಬಂದಿತು, ಗಿರಣಿ ಬಂದಿತು. ರೈಲು ಹತ್ತಿಯನ್ನು ಹೊರಗೆ ಒಯ್ದಿತು, ಯಂತ್ರದ ಸೋವಿ ಬಟ್ಟೆಯನ್ನು ಒಳಗೆ ತಂದಿತು. ಕೈಮಗ್ಗದವನ ಬಾಳು ಬಡವಾಯಿತು, ಅಡತಿ ಅಂಗಡಿಯವನ ಬಾಳು ಹಸನಾಯಿತು. ಸೋವಿ ಎಂಬುದು ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಹಾನಿ ಎಂಬ ಪಾಠವನ್ನು ಹುಬ್ಬಳ್ಳಿ ಅಂದೇ ಕಲಿತಿದೆ.

ಇನ್ನು ಈ ಕಾಲದ ಮಾತು. ಗಿರಾಕಿಯೇ ಬುಟ್ಟಿ ಹಿಡಿದು ಸರಕು ಆರಿಸಿಕೊಳ್ಳುವ ಪದ್ಧತಿಯನ್ನು ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ರೂಢಿಗೆ ತಂದನು. ಹುಬ್ಬಳ್ಳಿ–ಧಾರವಾಡ ಮಹಾನಗರಪಾಲಿಕೆ ಹುಟ್ಟಿದ 1962ರಲ್ಲಿಯೇ ಅಲ್ಲಿ ಸ್ಯಾಮ್ ವಾಲ್ಟನ್‌ನ ಮೊದಲ ವಾಲ್‌ಮಾರ್ಟ್ ಅಂಗಡಿ ತೆರೆಯಿತು. ನಮ್ಮ ದೇಶದಲ್ಲಿ 2001ರಲ್ಲಿ ಬಿಗ್ ಬಜಾರ್, 2002ರಲ್ಲಿ ಮುಂಬಯಿಯ ಡಿ-ಮಾರ್ಟ್ ಆರಂಭವಾದವು. 2012ರ ಸೆಪ್ಟೆಂಬರದಲ್ಲಿ ಕೇಂದ್ರ ಸರಕಾರ ಇಂಥ ಅಂಗಡಿಗಳಲ್ಲಿ ಶೇಕಡಾ 51ರಷ್ಟು ವಿದೇಶಿ ಬಂಡವಾಳಕ್ಕೆ ಸಮ್ಮತಿ ಕೊಟ್ಟಿತು. ಆದರೆ ರಾಜ್ಯದ ಒಪ್ಪಿಗೆ ಬೇಕು, ಊರಿನ ಜನಸಂಖ್ಯೆ 10 ಲಕ್ಷ ಮೀರಿರಬೇಕು ಎಂದು ನಿಬಂಧನೆ ಹಾಕಿತು. 2011ರ ಖಾನೇಸುಮಾರಿಯಂತೆ ನಮ್ಮ ಅವಳಿನಗರದ ಜನ 9,43,788. ಸ್ವಲ್ಪದರಲ್ಲಿ ನಾವು ಹೊರಗುಳಿದೆವು. ಆದರೇನು? ಸ್ವದೇಶದ ಬಂಡವಾಳಕ್ಕೆ ಈ ಬೇಲಿ ಇರಲಿಲ್ಲ. ಅಗ್ಗದ ಅಂಗಡಿ ಬಂದೇ ಬಂದಿತು.

ಅದರ ಅಗ್ಗದ ಗುಟ್ಟೇನು? ಅದರಲ್ಲಿ ಮೋಸವಿಲ್ಲ, ಮಾಯೆಯೂ ಇಲ್ಲ. ಸಾವಿರಾರು ಪೆಟ್ಟಿಗೆಗಳನ್ನು ಕಾರಖಾನೆಯಿಂದ ನೇರವಾಗಿ ಕೊಳ್ಳುವವನಿಗೆ ಬೆಲೆ ಇಳಿಯುತ್ತದೆ. ಓಣಿಯ ಕಿರಾಣಿಯವನು ಹಂಚಿಕೆದಾರನಿಂದ ಒಂದೆರಡು ಪೆಟ್ಟಿಗೆ ಕೊಳ್ಳುತ್ತಾನೆ. ಅವನಿಗೆ ಆ ಇಳಿಕೆ ಸಿಗದು. ಹೀಗಾಗಿ ಕೆಲವು ಸಲ ದೊಡ್ಡವನ ಮಾರುವ ಬೆಲೆಯೇ ಸಣ್ಣವನ ಕೊಳ್ಳುವ ಬೆಲೆಗಿಂತ ಕಡಿಮೆ! ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಓಣಿಯ ಕಿರಾಣಿ ಅಂಗಡಿಯ ಯಜಮಾನರು ಒಂದು ದಿನ ಗೋಕುಲ ರಸ್ತೆಯ ದೊಡ್ಡ ಅಂಗಡಿಯಲ್ಲಿ ಎರಡು ಗಾಡಿ ತುಂಬ ಎಣ್ಣೆ, ಸಾಬೂನು ತುಂಬಿಕೊಂಡು ಸಾಲಿನಲ್ಲಿ ನಿಂತಿದ್ದರು. ನನ್ನನ್ನು ಕಂಡು ನಾಚಿದರು. "ಏನು ಮಾಡೋದ್ರಿ ಮಾಸ್ತರ್ರ, ಅಂಗಡಿಗೆ ಹಾಕಾಕೂ ನನಗ ಇಲ್ಲೇ ಸೋವಿ ಬೀಳತೈತಿ" ಎಂದರು. ನಾಚಬೇಕಾದವನು ನಾನಾಗಿದ್ದೆ, ನನ್ನ ಕೈಯಲ್ಲೂ ಬುಟ್ಟಿಯಿತ್ತು.

ಏಕೆಂದರೆ ಇದೇ ಯಜಮಾನರ ಖಾತೆವಹಿಯಲ್ಲಿ ನನ್ನ ಹೆಸರು ಹಲವು ವರುಷ ಇತ್ತು. ನೌಕರಿಯ ಮೊದಲ ದಿನಗಳಲ್ಲಿ ಒಮ್ಮೆ ಮೂರು ತಿಂಗಳು ಪಗಾರ ಬರಲಿಲ್ಲ. ಮನೆಯಲ್ಲಿ ಬಾಣಂತಿ. ಅಂಗಡಿಯ ಗೋಡೆಯ ಮೇಲೆ 'ಇಂದು ರೋಖ, ನಾಳೆ ಉದ್ರಿ' ಎಂಬ ಹಲಗೆ ತೂಗುತ್ತಿತ್ತು. ಆದರೂ ಅವರು, "ಇರ್ಲಿ ತಗೋರಿ ಮಾಸ್ತರ್ರ, ಪಗಾರ ಬಂದ ಮ್ಯಾಲೆ ನೋಡೋಣಂತ" ಎಂದು ಅಕ್ಕಿ, ಬೆಲ್ಲ, ತುಪ್ಪ ಕಟ್ಟಿಕೊಟ್ಟರು. ಬಡ್ಡಿಯಿಲ್ಲ, ಜಾಮೀನಿಲ್ಲ. ಆ ಉದ್ರಿಯ ಬೆಲೆಯನ್ನು ಯಾವ ಪೊಟ್ಟಣದ ಮೇಲೆ ಅಚ್ಚು ಹಾಕುವಿರಿ? ದೊಡ್ಡ ಅಂಗಡಿಯ ಯಂತ್ರ ಚೀಟಿ ಕೊಡುತ್ತದೆ; ಅದಕ್ಕೆ ಮುಖದ ಗುರುತಿಲ್ಲ.

ಹಾಗೆಂದು ಸಣ್ಣ ಅಂಗಡಿಯೆಲ್ಲ ಧರ್ಮಛತ್ರವೆಂದು ನಾನು ಹೇಳಲಾರೆ. ತೂಕದಲ್ಲಿ ಕೈಚಳಕ, ಬೇಳೆಯಲ್ಲಿ ಹರಳು, ಉದ್ರಿಯವನಿಗೆ ಹೆಚ್ಚಿನ ದರ, ಇವನ್ನೂ ನಾವು ಉಂಡಿದ್ದೇವೆ. ದೊಡ್ಡ ಅಂಗಡಿಯಲ್ಲಿ ಬೆಲೆ ಎಲ್ಲರಿಗೂ ಒಂದೇ. ತಿಂಗಳ ಕೊನೆಗೆ ನಾಲ್ಕುನೂರು ರೂಪಾಯಿ ಉಳಿಸಿದ ಗೃಹಿಣಿಯನ್ನು ಯಾರು ದೂಷಿಸಬಲ್ಲರು? ನನ್ನ ಕೈಯಲ್ಲಿ ಕಲಿತ ಹೆಣ್ಣುಮಕ್ಕಳು ಕೆಲವರು ಅಲ್ಲಿ ಸಮವಸ್ತ್ರ ತೊಟ್ಟು ದುಡಿಯುತ್ತಿದ್ದಾರೆ, ಅದೂ ಸಂತೋಷವೇ.

ಆದರೆ ಲೆಕ್ಕ ಅಲ್ಲಿಗೇ ಮುಗಿಯದು. ಅಮೆರಿಕದ ಅಯೋವಾ ರಾಜ್ಯದ ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್ ಎಂಬವರು ವಾಲ್‌ಮಾರ್ಟ್ ಬಂದ ಊರುಗಳ ವ್ಯಾಪಾರವನ್ನು ವರುಷಗಟ್ಟಲೆ ಅಳೆದು ನೋಡಿದರು. ಅದೇ ಸರಕು ಮಾರುವ ಸ್ಥಳೀಯ ಅಂಗಡಿ ಸೊರಗಿತು. ಅಲ್ಲಿ ಸಿಗದ ಸರಕನ್ನು ಮಾರುವವನು, ದುರಸ್ತಿ ಮಾಡುವವನು, ತಿಂಡಿ ಕೊಡುವವನು ಉಳಿದನು, ಬೆಳೆದನು ಕೂಡ. ಹೆಚ್ಚು ಪೆಟ್ಟು ಬಿದ್ದದ್ದು ಸುತ್ತಲಿನ ಸಣ್ಣ ಊರುಗಳಿಗೆ. ನಮ್ಮ ಕಲಘಟಗಿ, ಕುಂದಗೋಳಗಳ ಪೇಟೆಯವರು ಈ ಮಾತನ್ನು ಮನದಲ್ಲಿಡಬೇಕು. ಇನ್ನೊಂದು ಮಾತು: ದೊಡ್ಡದೆಲ್ಲ ಶಾಶ್ವತವೂ ಅಲ್ಲ. ದೇಶವೆಲ್ಲ ಹಬ್ಬಿದ್ದ ಬಿಗ್ ಬಜಾರ್ ಸಾಲದ ಸುಳಿಗೆ ಸಿಕ್ಕಿ 2022ರಲ್ಲಿ ಮುಳುಗಿತು. ಸಣ್ಣವನು ಹೋದ ಮೇಲೆ ದೊಡ್ಡವನೂ ಹೋದರೆ ಊರಿನ ಗತಿಯೇನು?

ಉಪಾಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯ ಎದುರು ಒಂಟಿ ರೈತ ಸೋಲುತ್ತಿದ್ದ. ಕೂಡಿದ ರೈತರು ಗೆದ್ದರು. ಇಂಗ್ಲಂಡಿನ ರಾಕ್‌ಡೇಲಿನಲ್ಲಿ 1844ರಲ್ಲಿ 28 ಜನರು ಕೂಡಿ ಶುದ್ಧ ಸರಕು, ಸರಿಯಾದ ತೂಕದ ಅಂಗಡಿ ತೆರೆದದ್ದೂ ಇದೇ ಮಾರ್ಗ. ಓಣಿಗೊಬ್ಬರಂತೆ ಐವತ್ತು ಕಿರಾಣಿಯವರು ಕೂಡಿ ಒಟ್ಟಿಗೆ ಖರೀದಿಸಿದರೆ ಕಾರಖಾನೆಯ ಬಾಗಿಲು ಅವರಿಗೂ ತೆರೆಯದೆ ಇರದು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ದೊಡ್ಡ ಅಂಗಡಿಯವರೂ ವೇಣುಗ್ರಾಮದ ಪರಸ್ಥಳದ ವರ್ತಕರನ್ನು ನೆನೆದು, ಸುತ್ತಲಿನ ಜೋಳ, ಮೆಣಸಿನಕಾಯಿ, ರೊಟ್ಟಿ, ಚಟ್ನಿಗಳನ್ನು ಇಲ್ಲಿಯವರಿಂದಲೇ ಕೊಂಡರೆ ಊರಿನ ಋಣ ಸ್ವಲ್ಪ ತೀರುತ್ತದೆ.

ಇನ್ನುಳಿದವರು ನಾವು, ನೀವು. ಗೋಕುಲ ರಸ್ತೆಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ, ನಾನೂ ಹೋಗುತ್ತೇನೆ. ತಿಂಗಳ ಯಾದಿ ಬರೆಯುವಾಗ ಅದನ್ನು ಎರಡು ಭಾಗ ಮಾಡಿರಿ, ಅರ್ಧ ಅಲ್ಲಿಗೆ, ಅರ್ಧ ಓಣಿಯ ಅಂಗಡಿಗೆ. ಕೈಯಲ್ಲಿ ರೊಕ್ಕವಿದ್ದಾಗ ಅಲ್ಲಿ, ಇಲ್ಲದಾಗ ಇಲ್ಲಿ ಎನ್ನುವುದು ನ್ಯಾಯವಲ್ಲ. ನನ್ನ ಆ ಹಳೆಯ ಖಾತೆಯ ಬಾಕಿಯನ್ನು ನಾನು ಪೈಸೆ ಪೈಸೆಯಾಗಿ ತೀರಿಸಿದೆ. ಋಣ ಮಾತ್ರ ಇನ್ನೂ ಉಳಿದಿದೆ. ನಿಮ್ಮ ಓಣಿಯಲ್ಲಿ ನಿಮ್ಮದೂ ಅಂಥದೊಂದು ಇದ್ದೀತು, ನೆನಪು ಮಾಡಿಕೊಳ್ಳಿರಿ.