ಲಕ್ಷಂ ವೀಡಿನ ನಡುಗೋಡೆ

ಕಾಸರಗೋಡಿನ ನಮ್ಮ ಕನ್ನಡ ಮನೆಗಳಲ್ಲಿ ಮಲಯಾಳದ ಎಷ್ಟೋ ಮಾತುಗಳು ಅರಿವಿಲ್ಲದೆಯೇ ಒಳಬಂದು ಕುಳಿತಿವೆ. ‘ಲಕ್ಷಂ ವೀಡು’ ಅಂತಹದೊಂದು. ಅದನ್ನು ‘ಲಕ್ಷ ಮನೆ’ ಎಂದು ಯಾರೂ ಕನ್ನಡಿಸಲಿಲ್ಲ. ಬಾಲ್ಯದಲ್ಲಿ ಅಜ್ಜಿಮನೆಯ ದಾರಿಯಲ್ಲಿ ನನಗೊಂದು ಲಕ್ಷಂ ವೀಡು ಕಾಲೊನಿ ಸಿಗುತ್ತಿತ್ತು. ಒಂದೇ ಮಾಡಿನಡಿ ಎರಡು ಸಂಸಾರ, ನಡುವೆ ಒಂದೇ ಗೋಡೆ. ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುತ್ತಿದ್ದರು.

ಆ ಹೆಸರಿನ ಹಿಂದೆ ಒಂದು ದೊಡ್ಡ ರಾಜಕೀಯ ಪ್ರಯತ್ನವಿದೆ. ಕೇರಳದಲ್ಲಿ 1970ರ ಜನವರಿ 1ರಂದು ಭೂಸುಧಾರಣೆ ಪೂರ್ಣರೂಪದಲ್ಲಿ ಜಾರಿಗೆ ಬಂತು. ಧನಿಗಳ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ‘ಕುಡಿಕಿಡಪ್ಪು’ಕಾರರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್‌ವರೆಗಿನ ನೆಲವನ್ನು ಕೊಂಡುಕೊಳ್ಳುವ ಹಕ್ಕು ದೊರೆಯಿತು. ಆದರೆ ಹಾಗೆ ತೋರಿಸಲು ಒಂದು ಗುಡಿಸಲೂ ಇಲ್ಲದ ಕೂಲಿಯಾಳುಗಳು ಹೊರಗುಳಿದರು. ಅವರಿಗಾಗಿ 1972ರಲ್ಲಿ ವಸತಿ ಸಚಿವ ಎಂ. ಎನ್. ಗೋವಿಂದನ್ ನಾಯರ್ ಅವರು ಲಕ್ಷ ಮನೆಗಳ ಯೋಜನೆಯನ್ನು ಕೈಗೆತ್ತಿಕೊಂಡರು.

ಆಗ ಮುಖ್ಯಮಂತ್ರಿಯಾಗಿದ್ದವರು ಸಿ. ಅಚ್ಯುತ ಮೇನೋನ್. ಅದು ಸಿಪಿಐ, ಕಾಂಗ್ರೆಸ್, ಮುಸ್ಲಿಂ ಲೀಗ್, ಆರ್‌ಎಸ್‌ಪಿ ಕೂಡಿದ ಸರಕಾರ. ಪ್ರಬಲ ಸಿಪಿಎಂ ವಿರೋಧಪಕ್ಷದಲ್ಲಿತ್ತು. ಒಬ್ಬರ ಮುಖ ಇನ್ನೊಬ್ಬರಿಗಾಗದ ಆ ಕಾಲದಲ್ಲಿ ಯೋಜನೆಗೆ ಒಪ್ಪಿಗೆ ದೊರಕಿಸಿದ್ದು, ನನ್ನ ಮಟ್ಟಿಗೆ, ಒಂದು ಸರಳ ಲೆಕ್ಕ: ಪಂಚಾಯತಿಗೆ ನೂರು ಮನೆ. ಅಲ್ಲಿ ಯಾವ ಪಕ್ಷದ ಆಡಳಿತವೆಂದು ಕೇಳುವಂತಿಲ್ಲ. ತನ್ನೂರಿಗೆ ಬರುವ ನೂರು ಮನೆಗಳನ್ನು ಬೇಡವೆನ್ನುವ ನಾಯಕ ಯಾವ ಪಕ್ಷದಲ್ಲಿದ್ದಾನು? ಸರಕಾರದ ಹಣವೊಂದನ್ನೇ ನೆಚ್ಚಿಕೊಳ್ಳದೆ, ಊರವರ ದೇಣಿಗೆಯನ್ನೂ ಶ್ರಮದಾನವನ್ನೂ ಸೇರಿಸಿಕೊಂಡುದರಿಂದ ಅದು ಊರಿನ ಕೆಲಸವೂ ಆಯಿತು. ಆಗಿನ್ನೂ ಕಣ್ಣೂರು ಜಿಲ್ಲೆಗೆ ಸೇರಿದ್ದ ನಮ್ಮ ಕಾಸರಗೋಡಿನ ಪಾಲಿಗೆ ಈ ಲೆಕ್ಕ ಸಣ್ಣದಲ್ಲ. ತಿರುವನಂತಪುರದಿಂದ ಅತಿ ದೂರದಲ್ಲಿದ್ದ, ಬೇರೆ ಭಾಷೆಯಾಡುವ ಪಂಚಾಯತಿಗೂ ಅದೇ ನೂರು.

ಲಕ್ಷದ ಗುರಿ ಮುಟ್ಟಲಿಲ್ಲ. ಆದರೂ ಬಡವನಿಗೆ ಮನೆ ಕೊಡುವುದು ಸರಕಾರದ ಹೊಣೆ ಎಂಬ ಮಾತು ಬೇರೂರಿತು. ಆಮೇಲೆ ಯಾವ ಬಣ ಅಧಿಕಾರಕ್ಕೆ ಬಂದರೂ ಆ ಹೊಣೆಯಿಂದ ನುಣುಚಿಕೊಳ್ಳಲಾಗಲಿಲ್ಲ. 2016ರಲ್ಲಿ ಆರಂಭವಾದ ‘ಲೈಫ್’ ಯೋಜನೆಯೂ ಅದೇ ದಾರಿಯ ಮುಂದಿನ ಮೈಲುಗಲ್ಲು.

ಇನ್ನು ನಾನು ಕಂಡದ್ದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬ್ಯಾಂಕಿಗೆ ಒಬ್ಬ ಅಕ್ಕ ಬಂದರು. ಕೈಯಲ್ಲಿ ಮಲಯಾಳದ ಅರ್ಜಿ. “ಓದಲು ಬರುವುದಿಲ್ಲ, ನೀವೇ ತುಂಬಿಸಿ ಕೊಡಿ ಅಣ್ಣಾ” ಎಂದರು. ಅವರದು ಲಕ್ಷಂ ವೀಡು. ಮಾಡು ಸೋರುತ್ತದೆ, ಕೆಡವಿ ಕಟ್ಟಬೇಕು. ಆದರೆ ನಡುಗೋಡೆ ಇಬ್ಬರದು; ಪಕ್ಕದವರಿಗೆ ಕಟ್ಟಿಸುವ ಶಕ್ತಿಯಿಲ್ಲ, ಗೋಡೆ ಮುಟ್ಟಲು ಬಿಡುವುದಿಲ್ಲ. ಜಾಗದ ಪಟ್ಟಯವೂ ಇಲ್ಲ. ಆಧಾರಕ್ಕೆ ಪತ್ರವಿಲ್ಲದೆ ಸಾಲ ಹೇಗೆ? ನಾನು ತುಂಬಿಸಿದ ಅರ್ಜಿಯನ್ನು ನಾನೇ ಹಿಂದೆ ಕೊಟ್ಟೆ. ಅವರು ಜಗಳವಾಡಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಕಟ್ಟಿಕೊಂಡು ಹೋದರು.

ಅಂದಿನಿಂದ ನನಗೊಂದು ಯೋಚನೆ. ಕಟ್ಟುವಾಗ ಎಲ್ಲ ಪಕ್ಷಗಳೂ ಬೇಕಾದವು, ಸರಿ. ಕಟ್ಟಿದ ಮೇಲೆ ಪಟ್ಟಯ ಕೊಡಿಸುವುದಕ್ಕೆ, ಗೋಡೆಯ ತಕರಾರು ಬಿಡಿಸುವುದಕ್ಕೆ ಅಷ್ಟೇ ಜನ ಬೇಕಿತ್ತು. ಉದ್ಘಾಟನೆಗೆ ಬಂದವರು ದುರಸ್ತಿಗೆ ಬರಲಿಲ್ಲ. ಜೋಡಿಮನೆಗಳನ್ನು ಬೇರೆ ಬೇರೆ ಮನೆಗಳಾಗಿ ಕಟ್ಟಿಕೊಡುವ ಯೋಜನೆಗಳು ಆಮೇಲೆ ಬಂದವು, ನಿಜ. ಆದರೆ ಅಷ್ಟರಲ್ಲಿ ಒಂದು ತಲೆಮಾರು ಸೋರುವ ಮಾಡಿನಡಿ ಮುದಿಯಾಗಿತ್ತು.

ಆದುದರಿಂದ ನಮ್ಮವರಲ್ಲಿ ನನ್ನದೊಂದು ವಿನಂತಿ. ಗ್ರಾಮಸಭೆಗೆ ತಪ್ಪದೆ ಹೋಗಿ. ಪಟ್ಟಿಯಲ್ಲಿ ಹೆಸರು ಸೇರಿತೆಂದು ಮನೆಗೆ ಮರಳದೆ, ಪಟ್ಟಯ ಕೈಗೆ ಬರುವ ತನಕ ಕೇಳುತ್ತಿರಿ. ಕನ್ನಡದಲ್ಲಾದರೂ ಕೇಳಿ, ಮಲಯಾಳದಲ್ಲಾದರೂ ಕೇಳಿ. ಹೋಗುವಾಗ ಗೋಡೆಯಾಚೆಯವರನ್ನೂ ಕರೆದುಕೊಂಡು ಹೋಗಿ.