ಗುಲಾಬಿ ತ್ರಿಕೋನ

ತುದಿ ಕೆಳಗಾಗಿ ಎದೆಯ ಮೇಲೆ ಹೊಲಿದ ಗುಲಾಬಿ ಬಟ್ಟೆಯ ತುಂಡು. ಜೊತೆಗೆ ಕೈದಿಯ ಸಂಖ್ಯೆ. ನಾಜಿ ಯಾತನಾ ಶಿಬಿರಗಳಲ್ಲಿ ಸಲಿಂಗಪ್ರೇಮಿ ಗಂಡಸರಿಗೆ ಹಚ್ಚಿದ ಗುರುತು ಇದು. ಸಾವಿರಾರು ಮಂದಿ ಇದನ್ನು ತೊಟ್ಟರು. ಬಹಳಷ್ಟು ಜನ ಮರಳಲಿಲ್ಲ.

ಯುದ್ಧ ಮುಗಿದ ಮೇಲಾದರೂ ಬದುಕುಳಿದವರಿಗೆ ನ್ಯಾಯ ಸಿಗಬೇಕಿತ್ತು, ಸಿಗಲಿಲ್ಲ. ಅವರನ್ನು ಸೆರೆಗೆ ತಳ್ಳಿದ ಜರ್ಮನ್ ದಂಡಸಂಹಿತೆಯ 175ನೇ ಕಲಮು, 1935ರಲ್ಲಿ ನಾಜಿಗಳು ಬಿಗಿಗೊಳಿಸಿದ ರೂಪದಲ್ಲೇ, ಪಶ್ಚಿಮ ಜರ್ಮನಿಯಲ್ಲಿ 1969ರವರೆಗೆ ಉಳಿಯಿತು.

1970ರ ದಶಕದಲ್ಲಿ ಅಲ್ಲಿನ ಹೋರಾಟಗಾರರು ಆ ಕಳಂಕದ ಗುರುತನ್ನೇ ತಾವಾಗಿ ಎದೆಗೇರಿಸಿಕೊಂಡರು. ಏಡ್ಸ್ ಜೀವಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ 1987ರಲ್ಲಿ, ನ್ಯೂಯಾರ್ಕಿನ ಗೋಡೆಗಳ ಕಪ್ಪು ಪೋಸ್ಟರುಗಳಲ್ಲಿ ತ್ರಿಕೋನ ತುದಿ ಮೇಲೆತ್ತಿ ನಿಂತಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಗುಲಾಬಿ ಗ್ರಾನೈಟಿನ ಮೂರು ತ್ರಿಕೋನಗಳ ಸ್ಮಾರಕ ತೆರೆಯಿತು. ಅವುಗಳಲ್ಲೊಂದು ಮೆಟ್ಟಿಲಿಳಿದು ಕಾಲುವೆಯ ನೀರಿಗೆ ಚಾಚಿದೆ. ಜನ ಅಲ್ಲಿ ಹೂವಿಟ್ಟು ಹೋಗುತ್ತಾರೆ.